ಕೊರಿಯಾದಲ್ಲಿ ತಟಸ್ಥ ಭಾರತದ ಸೇನೆ

ಕೊರಿಯಾ ಯುದ್ಧದಲ್ಲಿ (1950-53) ಭಾರತವು ಯಾವ ಬಣದ ಪರವಾಗಿಯೂ ಶಸ್ತ್ರ ಹಿಡಿಯಲಿಲ್ಲ. ಆದರೂ ಭಾರತೀಯ ಸೇನೆ ಅಲ್ಲಿ ಎರಡು ಹೊಣೆಗಳನ್ನು ನಿರ್ವಹಿಸಿತು. ಮೊದಲನೆಯದು, 1950ರ ನವೆಂಬರ್‌ನಲ್ಲಿ ತೆರಳಿದ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ನೀಡಿದ ವೈದ್ಯಕೀಯ ಸೇವೆ. ಎರಡನೆಯದು, ಕದನವಿರಾಮದ ನಂತರ ಯುದ್ಧಕೈದಿಗಳ ಪಾಲನೆ. ಈ ಎರಡನೆಯ ಕಾರ್ಯದ ನೇತೃತ್ವ ದೊರೆತದ್ದು ಕನ್ನಡ ನಾಡಿನ ಸೇನಾನಿಗೆ. ಮಡಿಕೇರಿಯಲ್ಲಿ 1906ರಲ್ಲಿ ಜನಿಸಿದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಅವರಿಗೆ.

ಆಯೋಗ ಮತ್ತು ಕಾವಲು ಪಡೆ

1953ರ ಜುಲೈ 27ರಂದು ಕದನವಿರಾಮ ಏರ್ಪಟ್ಟಿತು. ತಾಯ್ನಾಡಿಗೆ ಮರಳಲೊಲ್ಲದ ಕೈದಿಗಳ ಭವಿಷ್ಯ ನಿರ್ಧರಿಸಲು ಭಾರತ, ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್ ಹಾಗೂ ಚೆಕೊಸ್ಲೊವಾಕಿಯಾಗಳ ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು. ತಿಮ್ಮಯ್ಯ ಅದರ ಅಧ್ಯಕ್ಷರು. ಮೇಜರ್ ಜನರಲ್ ಎಸ್.ಪಿ.ಪಿ. ಥೋರಟ್ ನೇತೃತ್ವದ, ಐದು ಸಾವಿರಕ್ಕೂ ಹೆಚ್ಚು ಯೋಧರ ಭಾರತೀಯ ಪಡೆ ಕಾವಲಿಗೆ ನಿಂತಿತು.

ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ ಈ ಪಡೆ ತಮ್ಮ ನೆಲ ತುಳಿಯಲು ಒಪ್ಪಲಿಲ್ಲ. ಹೀಗಾಗಿ ಯೋಧರನ್ನು ಹೆಲಿಕಾಪ್ಟರ್‌ಗಳಲ್ಲಿ ಸೇನಾಮುಕ್ತ ವಲಯಕ್ಕೆ ಸಾಗಿಸಲಾಯಿತು. ಅಲ್ಲಿ ತಲೆಯೆತ್ತಿದ ಶಿಬಿರಕ್ಕೆ 'ಹಿಂದ್ ನಗರ' ಎಂಬ ಹೆಸರಾಯಿತು. ಸುಮಾರು 22,600 ಚೀನೀ ಮತ್ತು ಉತ್ತರ ಕೊರಿಯಾ ಕೈದಿಗಳೂ, ಎದುರು ಬಣದ 359 ಮಂದಿಯೂ ಭಾರತದ ವಶಕ್ಕೆ ಬಂದರು. ಒಮ್ಮೆ ಕೈದಿಗಳು ಭಾರತೀಯ ಮೇಜರ್ ಒಬ್ಬರನ್ನು ಒತ್ತೆ ಹಿಡಿದಾಗ ಥೋರಟ್ ಸ್ವತಃ ಆವರಣದೊಳಗೆ ಹೋಗಿ ಬಿಡಿಸಿ ತಂದರು.

ವರದಿಯಲ್ಲೂ ಭಿನ್ನಮತ

ತಟಸ್ಥತೆಯ ಕಷ್ಟ ಬರಹದಲ್ಲೂ ಕಾಣಿಸಿತು. 1953ರ ಡಿಸೆಂಬರ್‌ನ ಮಧ್ಯಂತರ ವರದಿಗೆ ಭಾರತ, ಪೋಲೆಂಡ್, ಚೆಕೊಸ್ಲೊವಾಕಿಯಾ ಸಹಿ ಹಾಕಿದವು. ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್ ಪ್ರತ್ಯೇಕ ವರದಿ ಸಲ್ಲಿಸಿದವು. ಕೈದಿಗಳ ಕುರಿತು ಒಮ್ಮತ ಮೂಡದಿದ್ದಾಗ, 1954ರ ಜನವರಿಯಲ್ಲಿ ತಿಮ್ಮಯ್ಯ ಅವರನ್ನು ಸೆರೆಹಿಡಿದಿದ್ದ ಬಣಗಳಿಗೇ ಮರಳಿಸಿದರು. ಎರಡೂ ಬಣಗಳನ್ನು ನಿರಾಕರಿಸಿದ 88 ಮಂದಿ ಭಾರತೀಯ ಪಡೆಯೊಡನೆ ಭಾರತಕ್ಕೆ ಬಂದರು.

ಸೇನೆಯ ಪತ್ರಿಕೆ

1909ರಲ್ಲಿ ಬ್ರಿಟಿಷರ ಕಾಲದಲ್ಲಿ ಆರಂಭವಾದ ಸೇನಾ ಪತ್ರಿಕೆ 'ಫೌಜಿ ಅಖ್ಬಾರ್', ಪಡೆ ಕೊರಿಯಾದಿಂದ ಮರಳಿದ 1954ರಲ್ಲೇ 'ಸೈನಿಕ ಸಮಾಚಾರ' ಎಂಬ ಹೆಸರು ಪಡೆಯಿತು. ಮುಂದೆ 13 ಭಾಷೆಗಳಿಗೆ ವಿಸ್ತರಿಸಿದ ಅದು ಕನ್ನಡದಲ್ಲೂ ಪ್ರಕಟವಾಯಿತು.

ತಿಮ್ಮಯ್ಯ 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. 1965ರ ಡಿಸೆಂಬರ್‌ನಲ್ಲಿ, ಸೈಪ್ರಸ್‌ನ ವಿಶ್ವಸಂಸ್ಥೆ ಪಡೆಯ ದಂಡನಾಯಕರಾಗಿದ್ದಾಗಲೇ ನಿಧನರಾದರು. ಅವರ ಸಮಾಧಿ ಬೆಂಗಳೂರಿನಲ್ಲಿದೆ. ಕೊರಿಯಾದ ಅನುಭವ ಕುರಿತ ಅವರ ಇಂಗ್ಲಿಷ್ ಕೃತಿ 'ಎಕ್ಸ್‌ಪೆರಿಮೆಂಟ್ ಇನ್ ನ್ಯೂಟ್ರಾಲಿಟಿ' ಬೆಳಕು ಕಂಡದ್ದು 1981ರಲ್ಲಿ. ಮಡಿಕೇರಿಯ ಅವರ ಮನೆ 'ಸನ್ನಿ ಸೈಡ್' 2021ರಲ್ಲಿ ವಸ್ತುಸಂಗ್ರಹಾಲಯವಾಗಿ ಉದ್ಘಾಟನೆಗೊಂಡಿತು.