‘ಟಿರನ್ನಿ’ ಎಂಬ ಪದದ ಪೂರ್ವೋತ್ತರ

ಇಂಗ್ಲಿಷಿನ ‘ಟಿರನ್ನಿ’ ಎಂಬ ಪದವನ್ನು ಕಂಡೊಡನೆ ನಮ್ಮವರು ದಬ್ಬಾಳಿಕೆ, ಪ್ರಜಾಪೀಡನೆ, ಕ್ರೂರಶಾಸನ ಎಂದು ಅರ್ಥಮಾಡುವರು. ಇಂದಿನ ಬಳಕೆಗೆ ಈ ಅರ್ಥವು ಸರಿಯೇ. ಆದರೆ ಪದವು ಹುಟ್ಟಿದ ಕಾಲದಲ್ಲಿ ಅದಕ್ಕೂ ಕ್ರೌರ್ಯಕ್ಕೂ ನಂಟಿರಲಿಲ್ಲ. ಇದನ್ನರಿಯದೆ ಗ್ರೀಕರ ಚರಿತ್ರೆಯನ್ನು ಓದಹೊರಟವರು ಹೆಜ್ಜೆಹೆಜ್ಜೆಗೂ ಎಡವುವರು.

ಗ್ರೀಕ್ ಭಾಷೆಯಲ್ಲಿ ‘ತುರನ್ನೋಸ್’ ಎಂದರೆ ಆಳುವವನು. ಈ ಪದವೂ ಗ್ರೀಕರ ಸ್ವಂತದ್ದಲ್ಲ. ಏಷ್ಯಾ ಮೈನರಿನ ಕಡೆಯಿಂದ ಬಂದುದೆಂದು ವಿದ್ವಾಂಸರ ಊಹೆ. ಉಳಿದುಬಂದಿರುವ ಕಾವ್ಯಗಳಲ್ಲಿ ಇದರ ಸುಳಿವು ಮೊದಲು ದೊರೆಯುವುದು ಕ್ರಿ. ಪೂ. 7ನೆಯ ಶತಮಾನದ ಆರ್ಕಿಲೋಕಸ್ ಕವಿಯಲ್ಲಿ. ಅಲ್ಲಿ ಪ್ರಸ್ತಾಪವಾಗಿರುವವನು ಲಿಡಿಯಾದ ಗೈಗೀಸ್. ಇದ್ದ ದೊರೆಯನ್ನು ಕೊಂದು ಪಟ್ಟವೇರಿದವನು. ವಂಶಕ್ರಮವೂ ಇಲ್ಲದೆ ಊರಿನ ಕಟ್ಟಳೆಯ ಒಪ್ಪಿಗೆಯೂ ಇಲ್ಲದೆ ಸ್ವಸಾಹಸದಿಂದ ಆಳ್ವಿಕೆಯನ್ನು ಕೈವಶ ಮಾಡಿಕೊಂಡವನಿಗೆ ಈ ಹೆಸರು ಸಲ್ಲುತ್ತಿತ್ತು. ಅವನು ಒಳ್ಳೆಯವನೋ ಕೆಟ್ಟವನೋ ಎಂಬುದು ಬೇರೆಯ ಮಾತು.

ಅಥೆನ್ಸಿನ ಪಿಸಿಸ್ಟ್ರಾಟಸನನ್ನೇ ನೋಡಬಹುದು. ತನಗೂ ತನ್ನ ಹೇಸರಗತ್ತೆಗಳಿಗೂ ತಾನೇ ಗಾಯಮಾಡಿಕೊಂಡು, ಶತ್ರುಗಳು ಹೊಡೆದರೆಂದು ಸಂತೆಯ ಬಯಲಿಗೆ ಬಂದು ಮೊರೆಯಿಟ್ಟು, ಜನರಿಂದ ದೊಣ್ಣೆಗಾರರ ಕಾವಲನ್ನು ಪಡೆದು, ಆ ಕಾವಲಿನಿಂದಲೇ ಕ್ರಿ. ಪೂ. 560ರ ಸುಮಾರಿಗೆ ಕೋಟೆಯನ್ನು ಹಿಡಿದನೆಂದು ಹಿರಾಡಟಸನು ಬರೆದಿದ್ದಾನೆ. ಎರಡು ಸಲ ಓಡಿಸಲ್ಪಟ್ಟರೂ ಮೂರನೆಯ ಸಲ ಬಂದು ನೆಲೆನಿಂತನು. ಬಂದ ಬಗೆ ಹೀಗೆ. ಆಳಿದ ಬಗೆಯೋ ಬೇರೆ. ಇದ್ದ ಕಾಯಿದೆಗಳನ್ನು ಕೆಡಿಸಲಿಲ್ಲ. ಬಡ ಬೇಸಾಯಗಾರರಿಗೆ ಸಾಲ ಕೊಟ್ಟನು. ಬೆಳೆಯಲ್ಲಿ ಹತ್ತರಲ್ಲೊಂದು ಪಾಲು ತೆರಿಗೆ. ಕಲ್ಲುನೆಲವನ್ನು ಅಗೆಯುತ್ತಿದ್ದ ರೈತನೊಬ್ಬನು, ಎದುರಿಗಿರುವವನು ಅರಸನೆಂದರಿಯದೆ, ಈ ಹೊಲದಲ್ಲಿ ಬೆಳೆಯುವುದು ನೋವು ಸಂಕಟಗಳು ಮಾತ್ರ, ಅದರಲ್ಲಿಯೂ ಪಿಸಿಸ್ಟ್ರಾಟಸನಿಗೆ ಹತ್ತನೆಯ ಪಾಲು ಸಲ್ಲಬೇಕು ಎಂದನಂತೆ. ಅರಸನು ನಕ್ಕು ಅವನ ತೆರಿಗೆಯನ್ನು ಬಿಟ್ಟುಕೊಟ್ಟನೆಂದು ಕಥೆ. ಕೊಲೆಯ ಆಪಾದನೆಯೊಂದು ತನ್ನ ಮೇಲೆ ಬಂದಾಗ ಸಾಮಾನ್ಯನಂತೆ ನ್ಯಾಯಸ್ಥಾನಕ್ಕೆ ನಡೆದನಂತೆ. ದೂರಿತ್ತವನು ಹೆದರಿ ಅತ್ತ ಸುಳಿಯಲಿಲ್ಲವೆಂಬುದನ್ನೂ ಮರೆಯಬಾರದು.

ಪದಕ್ಕೆ ವಿಷವೇರಿದುದು ಮಕ್ಕಳ ಕಾಲದಲ್ಲಿ. ಕ್ರಿ. ಪೂ. 514ರಲ್ಲಿ ಕಿರಿಯ ಮಗ ಹಿಪಾರ್ಕಸನನ್ನು ಇಬ್ಬರು ಕೊಂದರು. ಥುಸಿಡಿಡೀಸನ ಪ್ರಕಾರ ಇದರ ಮೂಲವು ಖಾಸಗಿ ವೈರ. ಹಿರಿಯವನಾದ ಹಿಪಿಯಾಸನು ಅಂದಿನಿಂದ ಅಂಜಿಕೆಯಿಂದ ಕ್ರೂರನಾದನು, ಕ್ರಿ. ಪೂ. 510ರಲ್ಲಿ ಸ್ಪಾರ್ಟದವರ ಸೈನ್ಯ ಬಂದು ಅವನನ್ನು ಓಡಿಸಿತು. ಆದರೂ ಅಥೆನ್ಸಿನವರು ವಿಗ್ರಹಗಳನ್ನು ನಿಲ್ಲಿಸಿದುದು ಆ ಕೊಲೆಗಾರರಿಬ್ಬರಿಗೆ! ಅನ್ಯರ ಉಪಕಾರಕ್ಕಿಂತ ಸ್ವಜನರ ಸಾಹಸವನ್ನು ನೆನೆಯುವುದು ಹಿತವಲ್ಲವೆ? ಮುಂದೆ ಅರಿಸ್ಟಾಟಲನು ಪ್ರಜೆಗಳ ಹಿತಕ್ಕಾಗಿ ಆಳುವವನು ಅರಸು, ಸ್ವಂತ ಹಿತಕ್ಕಾಗಿ ಆಳುವವನು ತುರನ್ನೋಸ್ ಎಂದು ಗೆರೆ ಎಳೆದನು. ಅಲ್ಲಿಗೆ ಪದದ ದೃಷ್ಟಿಯು ಪಟ್ಟವೇರಿದ ದಾರಿಯಿಂದ ಆಳುವ ನಡತೆಯ ಕಡೆಗೆ ತಿರುಗಿತು.

ಲ್ಯಾಟಿನ್, ಫ್ರೆಂಚ್ ಭಾಷೆಗಳನ್ನು ಹಾದು ಪದವು ಇಂಗ್ಲೆಂಡನ್ನು ಮುಟ್ಟಿತು. ಹಳೆಯ ಅರ್ಥವೂ ಅಳಿದಿರಲಿಲ್ಲ. 14ನೆಯ ಶತಮಾನದಲ್ಲಿ ಇಟಲಿಯ ನ್ಯಾಯವೇತ್ತ ಬಾರ್ಟೋಲಸನು ಹಕ್ಕಿಲ್ಲದೆ ಆಳುವವನು, ಹಕ್ಕಿದ್ದೂ ಕೆಡುಕಾಗಿ ಆಳುವವನು ಎಂದು ಎರಡು ಬಗೆಯವರನ್ನು ವಿಂಗಡಿಸಿದನು. ಈ ಎರಡನೆಯ ಬಗೆಯೇ 1649ರಲ್ಲಿ ಒಂದು ತಲೆಯನ್ನು ಉರುಳಿಸಿತು. ಒಂದನೆಯ ಚಾರ್ಲ್ಸನು ಹುಟ್ಟಿನಿಂದ ನಿಜವಾದ ದೊರೆ. ಅವನ ಹಕ್ಕನ್ನು ಅಲ್ಲಗಳೆಯುವಂತಿರಲಿಲ್ಲ. ಕಾಯಿದೆಗೆ ಅನುಸಾರವಾಗಿ ಆಳಲು ವಹಿಸಿದ್ದ ಮಿತಾಧಿಕಾರವನ್ನು ಮೀರಿದನೆಂಬುದು ಆರೋಪ. ಯಾವ ಅಧಿಕಾರದಿಂದ ತನ್ನನ್ನು ವಿಚಾರಿಸುವಿರೆಂದು ಅವನು ಮತ್ತೆ ಮತ್ತೆ ಕೇಳಿದನು. ತೀರ್ಪಿನಲ್ಲಿ ಅವನಿಗಿತ್ತ ಹೆಸರುಗಳಲ್ಲಿ ‘ಟೈರಂಟ್’ ಎಂಬುದೂ ಒಂದು. 1776ರಲ್ಲಿ ಅಮೆರಿಕದವರು ಮೂರನೆಯ ಜಾರ್ಜನ ಮೇಲೆ ಹೊರಿಸಿದುದೂ ಇದೇ ಮಾತನ್ನು.

ಇಂಗ್ಲಿಷರು ಈ ಆಯುಧವನ್ನು ಮೈಸೂರಿಗೂ ತಂದರು. ಹೈದರನನ್ನು ರಾಜ್ಯಾಪಹಾರಿಯೆಂದೂ ಟಿಪ್ಪುವನ್ನು ‘ಟೈರಂಟ್’ ಎಂದೂ ಅವರು ಬರೆದರು. ತಂದೆಗೆ ಹಳೆಯ ಅರ್ಥ, ಮಗನಿಗೆ ಹೊಸದು! 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬಾಲಕನಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟಕಟ್ಟಿದುದು ಧರ್ಮವೆಂದು ಕಾಣಿಸಲು ಎರಡೂ ಅರ್ಥಗಳು ಒದಗಿಬಂದುವು. ಕಂಪೆನಿಯು ತಾನೇ ಯಾವ ಹಕ್ಕಿನಿಂದ ಬಂದಿತೆಂಬ ಪ್ರಶ್ನೆಯನ್ನು ಆ ಬರಹಗಾರರು ಬದಿಗಿಟ್ಟರು.

ಕನ್ನಡದಲ್ಲಿ ಇದಕ್ಕೆ ‘ನಿರಂಕುಶ ಪ್ರಭುತ್ವ’ವೆನ್ನುವುದುಂಟು. ಅಂಕುಶವಿಲ್ಲದ ಆನೆಯ ಈ ಮಾತು ಸೊಗಸಾದುದು, ಚಾರ್ಲ್ಸನಿಗೆ ಚೆನ್ನಾಗಿ ಹೊಂದುವುದು. ಆದರೆ ಆನೆಯ ಮೇಲೆ ಕುಳಿತವನು ಅದನ್ನು ಹೇಗೆ ಸಂಪಾದಿಸಿದನೆಂಬುದನ್ನು ಅದು ತಿಳಿಸದು. ಪಿಸಿಸ್ಟ್ರಾಟಸನ ಸಂಗತಿಯಲ್ಲಿ ಬೇಕಾದುದು ಅದೇ. ಅಲ್ಲಿ ಗ್ರೀಕ್ ಪದವನ್ನು ಹಾಗೆಯೇ ಉಳಿಸಿಕೊಂಡು ಅರ್ಥವನ್ನು ಬಿಡಿಸಿ ಹೇಳುವುದು ಮೇಲು.