ರಕ್ತಭೇದಿಯೆಂಬ ಒಂದೇ ಹೆಸರಿನೊಳಗೆ: ಅಲ್ಸರೇಟಿವ್ ಕೊಲೈಟಿಸ್ ಬೇರೆಯಾದ ಚರಿತ್ರೆ

ಗಡಿನಾಡ ಕನ್ನಡ ಅಂದರೆ ನಾವು ಸಾಧಾರಣವಾಗಿ ಶಾಲೆ, ಶಾಸನ, ಯಕ್ಷಗಾನ, ಬಸ್ಸಿನ ಬೋರ್ಡು ಇವುಗಳ ಬಗ್ಗೆ ಮಾತಾಡ್ತೇವೆ. ನಾನು ಕಾಸರಗೋಡಿನವಳು, ಕನ್ನಡ ಎಂ.ಎ. ವಿದ್ಯಾರ್ಥಿನಿ. ಇವತ್ತು ನಾನು ಆರಿಸಿಕೊಂಡದ್ದು ಒಂದು ಕಾಯಿಲೆಯ ಚರಿತ್ರೆ. ಕಾರಣ ಎರಡು. ಒಂದು, ಆ ಕಾಯಿಲೆ ನನಗೇ ಉಂಟು, ಮೂರು ವರ್ಷದಿಂದ. ಎರಡು, ಅದರ ಬಗ್ಗೆ ಓದುತ್ತಾ ಹೋದ ಹಾಗೆ ಇದು ವೈದ್ಯದ ಚರಿತ್ರೆಯಷ್ಟೇ ಮಾತಿನ ಚರಿತ್ರೆಯೂ ಹೌದು ಅಂತ ಕಂಡಿತು. ಮಾತಿನ ಚರಿತ್ರೆ ಆದರೆ ಅದು ನಮ್ಮ ವಿಭಾಗದ ಕೆಲಸವೂ ಆಯಿತಲ್ಲ.

ಅಲ್ಸರೇಟಿವ್ ಕೊಲೈಟಿಸ್ ಅಂದರೆ ದೊಡ್ಡ ಕರುಳಿನ ಒಳಪದರ ಉರಿಯೂತದಿಂದ ಕೆಂಪಾಗಿ ಹುಣ್ಣಾಗುವುದು. ಅದು ಗುದನಾಳದಿಂದ ಶುರುವಾಗಿ ನಡುವೆ ಜಾಗ ಬಿಡದೆ ಮೇಲಕ್ಕೆ ಹಬ್ಬುತ್ತದೆ. ಮಲದಲ್ಲಿ ರಕ್ತ, ಲೋಳೆ, ದಿನಕ್ಕೆ ಹಲವು ಸಲ ಓಡಬೇಕಾದ ಅವಸರ, ಹೊಟ್ಟೆಯ ನುಲಿತ, ಸುಸ್ತು. ಕೆಲವು ತಿಂಗಳು ಏನೂ ಇಲ್ಲದ ಹಾಗೆ ಶಾಂತ, ಮತ್ತೆ ಕೆರಳುವುದು. ಸಾಮಾನ್ಯವಾಗಿ ಹದಿಹರೆಯದ ಕೊನೆಯಿಂದ ಮೂವತ್ತರ ಆಸುಪಾಸಿನಲ್ಲಿ ಕಾಣಿಸಿಕೊಳ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಜೀವಮಾನವಿಡೀ ಜೊತೆಗಿರ್ತದೆ.

1. ಒಂದೇ ಮಾತು, ಹಲವು ಕಾಯಿಲೆ

ನಮ್ಮ ಮನೆಮಾತಿನಲ್ಲಿ ಇದಕ್ಕೆ ಪ್ರತ್ಯೇಕ ಹೆಸರಿಲ್ಲ. ಮಲದಲ್ಲಿ ರಕ್ತ ಕಂಡರೆ ರಕ್ತಭೇದಿ, ಲೋಳೆ ಕಂಡರೆ ಆಮಶಂಕೆ. ಹಳೆಯ ವೈದ್ಯಗ್ರಂಥಗಳಿಗೆ ಹೋದರೆ ಅತಿಸಾರ, ರಕ್ತಾತಿಸಾರ, ಪ್ರವಾಹಿಕೆ, ಗ್ರಹಣಿ ಎಂಬ ವಿಂಗಡಣೆ ಸಿಗ್ತದೆ. ಇವುಗಳಲ್ಲಿ ಯಾವುದೋ ಒಂದನ್ನು ಹಿಡಿದು, 'ಇದೇ ಇವತ್ತಿನ ಕೊಲೈಟಿಸ್, ನಮ್ಮವರಿಗೆ ಮೊದಲೇ ಗೊತ್ತಿತ್ತು' ಎನ್ನುವ ಆಸೆ ಎಷ್ಟೋ ಜನರಿಗೆ ಆಗ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಆ ಪದಗಳು ಹೊರಗೆ ಕಾಣುವ ಲಕ್ಷಣವನ್ನು ಹಿಡಿದು ವಿಂಗಡಿಸಿದವು. ಇವತ್ತಿನ ಹೆಸರು ಕರುಳಿನ ಯಾವ ಭಾಗ, ಯಾವ ಪದರ ಎಂಬುದನ್ನು ಹಿಡಿದು ಹುಟ್ಟಿದ್ದು. ಎರಡೂ ಬೇರೆ ಬೇರೆ ಅಳತೆಗೋಲು. ಒಂದರ ಪಟ್ಟಿಯನ್ನು ಇನ್ನೊಂದರ ಮೇಲೆ ಅಂಟಿಸಿದರೆ ಎರಡಕ್ಕೂ ಅನ್ಯಾಯ.

ಯುರೋಪಿನಲ್ಲಿಯೂ ಹತ್ತೊಂಬತ್ತನೇ ಶತಮಾನದ ನಡುವಿನವರೆಗೆ ಇದೇ ಸ್ಥಿತಿ. ರಕ್ತ ಹೋಗುವ ಎಲ್ಲ ಭೇದಿಗೂ ಡಿಸೆಂಟ್ರಿ ಎಂಬ ಒಂದೇ ಚೀಲ. ಆ ಚೀಲ ಬಿಚ್ಚಿದ್ದು ಹೇಗೆ ಎಂಬುದೇ ಈ ಕಾಯಿಲೆಯ ಚರಿತ್ರೆಯ ಮೊದಲ ಅಧ್ಯಾಯ.

2. ವಿಷವೆಂದು ಬಗೆದದ್ದು

1859ರ ಮೇ ತಿಂಗಳಲ್ಲಿ ಲಂಡನ್ನಿನ ಹತ್ತಿರದ ರಿಚ್ಮಂಡ್‌ನಲ್ಲಿ ಇಸಾಬೆಲಾ ಬ್ಯಾಂಕ್ಸ್ ಎಂಬ ಮಹಿಳೆ ವಾರಗಟ್ಟಲೆ ವಾಂತಿಭೇದಿಯಲ್ಲಿ ನರಳಿ ತೀರಿಕೊಂಡಳು. ಅವಳ ಜೊತೆಗಿದ್ದ ಥಾಮಸ್ ಸ್ಮೆಥರ್ಸ್ಟ್ ಸ್ವತಃ ವೈದ್ಯ. ಅವನಿಗೆ ಮೊದಲೇ ಹೆಂಡತಿಯಿದ್ದಳು. ಬ್ಯಾಂಕ್ಸ್ ಉಯಿಲನ್ನು ಅವನ ಹೆಸರಿಗೆ ಬರೆದಿದ್ದಳು. ಸಂಶಯಕ್ಕೆ ಇಷ್ಟು ಸಾಕಲ್ಲ! ವಿಷ ಹಾಕಿದ ಆರೋಪದ ಮೇಲೆ ವಿಚಾರಣೆ ನಡೆದು ಅವನಿಗೆ ಮರಣದಂಡನೆಯ ತೀರ್ಪಾಯಿತು. ಆದರೆ ಆರ್ಸೆನಿಕ್ ಪತ್ತೆಮಾಡಿದ ತಜ್ಞ ಆಲ್ಫ್ರೆಡ್ ಸ್ವೈನ್ ಟೇಲರ್ ಪರೀಕ್ಷೆಗೆ ಬಳಸಿದ ತಾಮ್ರದ ಜಾಲರಿಯಲ್ಲೇ ಆರ್ಸೆನಿಕ್ ಇತ್ತೆಂದು ಹೊರಬಿತ್ತು. ಕೊನೆಗೆ ಸ್ಮೆಥರ್ಸ್ಟ್‌ಗೆ ಕೊಲೆಯ ಅಪರಾಧದಿಂದ ಕ್ಷಮಾದಾನ ಸಿಕ್ಕಿತು, ಎರಡನೇ ಮದುವೆಯ ಅಪರಾಧಕ್ಕೆ ಮಾತ್ರ ಜೈಲಾಯಿತು.

ಈ ಪ್ರಕರಣದಲ್ಲಿ ಬ್ಯಾಂಕ್ಸ್‌ಳ ಕರುಳನ್ನು ಪರೀಕ್ಷಿಸಿ ಬರೆದವರು ಗೈಸ್ ಆಸ್ಪತ್ರೆಯ ಸ್ಯಾಮ್ಯುಯೆಲ್ ವಿಲ್ಕ್ಸ್. ದೊಡ್ಡ ಕರುಳಿನ ಉರಿಯೂತ, ಹುಣ್ಣುಗಳನ್ನು ಅವರು ವಿವರಿಸಿದರು. ವೈದ್ಯಚರಿತ್ರೆಗಳಲ್ಲಿ ಈ ಕಾಯಿಲೆಯ ಕಥೆ ಬಹಳ ಸಲ ಇಲ್ಲಿಂದಲೇ ಶುರು ಆಗ್ತದೆ. ಸಣ್ಣ ಕರುಳಿಗೂ ತಗುಲಿದ್ದರಿಂದ ಅದು ಕ್ರೋನ್ಸ್ ಕಾಯಿಲೆ ಇದ್ದಿರಬಹುದು ಎನ್ನುವವರೂ ಇದ್ದಾರೆ. ಅದು ಹಾಗಿರಲಿ. ನನಗೆ ಮುಖ್ಯವಾಗಿ ಕಾಣುವುದು ಇದು: ಹೆಸರಿಲ್ಲದ ಕಾಯಿಲೆಗೆ ಜನ ಒಬ್ಬ ಅಪರಾಧಿಯನ್ನು ಹುಡುಕ್ತಾರೆ.

1875ರಲ್ಲಿ ವಿಲ್ಕ್ಸ್ ಮತ್ತು ವಾಲ್ಟರ್ ಮಾಕ್ಸನ್ ಸೇರಿ ಪ್ರಕಟಿಸಿದ ರೋಗಶಾಸ್ತ್ರದ ಉಪನ್ಯಾಸಗಳಲ್ಲಿ, ಈ ಉರಿಯೂತ ಸಾಂಕ್ರಾಮಿಕ ಡಿಸೆಂಟ್ರಿಯಲ್ಲ ಎಂದು ಬೇರ್ಪಡಿಸಿದರು. ಅದೇ 1875ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಫ್ಯೋದರ್ ಲ್ಯೋಶ್ ರೋಗಿಯೊಬ್ಬನ ಮಲದಲ್ಲಿ ಅಮೀಬಾವನ್ನು ಗುರುತಿಸಿದರು. 1897ರಲ್ಲಿ ಜಪಾನಿನ ಕಿಯೋಶಿ ಶಿಗಾ ಡಿಸೆಂಟ್ರಿಯ ಬ್ಯಾಕ್ಟೀರಿಯಾವನ್ನು ಕಂಡುಹಿಡಿದರು. ಹೀಗೆ ರಕ್ತಭೇದಿ ಎಂಬ ಒಂದು ಚೀಲದಿಂದ ಮೂರು ಕಾಯಿಲೆ ಹೊರಬಂದವು. ಎರಡಕ್ಕೆ ಕ್ರಿಮಿ ಸಿಕ್ಕಿತು. ಮೂರನೆಯದಕ್ಕೆ ಸಿಗಲಿಲ್ಲ.

ಈ ಬೇರ್ಪಡೆ ಪುಸ್ತಕದ ವಿಷಯ ಮಾತ್ರ ಅಲ್ಲ. ಕೊಲೈಟಿಸ್ ಕೆರಳಿದಾಗ ಕೊಡುವ ಸ್ಟೀರಾಯ್ಡನ್ನು ಅಮೀಬಾದ ಆಮಶಂಕೆಗೆ ಕೊಟ್ಟರೆ ಜೀವಕ್ಕೇ ಅಪಾಯ. ಅಮೀಬಾದ ಮಾತ್ರೆಯನ್ನು ಕೊಲೈಟಿಸ್‌ಗೆ ಕೊಡುತ್ತಾ ಹೋದರೆ ಕರುಳು ಹುಣ್ಣಾಗುತ್ತಾ ಹೋಗ್ತದೆ. ನನಗೂ ಮೊದಲ ಐದು ತಿಂಗಳು ಆಮಶಂಕೆಯ ಮದ್ದೇ ಸಿಕ್ಕಿತು. ಯಾರನ್ನೂ ದೂರುವುದಕ್ಕೆ ಹೇಳ್ತಿಲ್ಲ. ನಮ್ಮ ನಾಡಿನಲ್ಲಿ ಸೋಂಕಿನ ಭೇದಿ ಜಾಸ್ತಿ, ಕರುಳಿನ ಕ್ಷಯವೂ ಉಂಟು, ಮೊದಲ ಊಹೆ ಆ ಕಡೆ ಹೋಗುವುದು ಸಹಜ. ಆದರೆ ವಾರಗಟ್ಟಲೆ ರಕ್ತ ನಿಲ್ಲದಿದ್ದರೆ ಮಲಪರೀಕ್ಷೆ, ಕೊಲೊನೊಸ್ಕೊಪಿ, ಒಳಪದರದ ಚೂರು ತೆಗೆದು ನೋಡುವ ಬಯಾಪ್ಸಿ ಆಗಲೇಬೇಕು. ಹೆಸರು ಖಚಿತವಾಗಲು ಬೇರೆ ದಾರಿ ಇಲ್ಲ.

ಇದು ನಮ್ಮಲ್ಲಿ ಅಪರೂಪದ ಪಾಶ್ಚಾತ್ಯ ಕಾಯಿಲೆ ಎಂಬ ಭಾವನೆಯೂ ಬಹುಕಾಲ ಇತ್ತು. ಪಂಜಾಬಿನ ಲುಧಿಯಾನದ ವೈದ್ಯರು 51,910 ಜನರನ್ನು ಪರಿಶೀಲಿಸಿ 23 ಮಂದಿಯಲ್ಲಿ ಇದನ್ನು ಕಂಡರು. ಅಂದರೆ ಲಕ್ಷಕ್ಕೆ ಸುಮಾರು 44. ಆ ವರದಿ ಬಂದದ್ದು 2003ರಲ್ಲಿ. ಹುಡುಕಿದಲ್ಲಿ ಸಿಕ್ಕಿತು ಅಂತ ಅರ್ಥ.

3. ಕ್ರಿಮಿ, ಮನಸ್ಸು, ಮೈ

ಇಪ್ಪತ್ತನೇ ಶತಮಾನದ ಮೊದಲ ಭಾಗ ಕಾರಣ ಹುಡುಕುವುದರಲ್ಲೇ ಕಳೆಯಿತು. 1909ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಮೆಡಿಸಿನ್‌ನಲ್ಲಿ ಆಸ್ಪತ್ರೆಗಳ 300ಕ್ಕೂ ಹೆಚ್ಚು ರೋಗಿಗಳ ದಾಖಲೆಯನ್ನು ಒಟ್ಟುಮಾಡಿ ಚರ್ಚಿಸಿದರು. ಅವರಲ್ಲಿ ಅರ್ಧಕ್ಕೆ ಹತ್ತಿರ ಜನ ಸತ್ತಿದ್ದರು. 1920ರ ದಶಕದಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಜೆ. ಆರ್ನಾಲ್ಡ್ ಬಾರ್ಗನ್ ಒಂದು ಬ್ಯಾಕ್ಟೀರಿಯಾವನ್ನು ಹೊಣೆ ಮಾಡಿದರು. ಅದು ನಿಲ್ಲಲಿಲ್ಲ.

ಕ್ರಿಮಿ ಸಿಗದೇ ಇದ್ದಾಗ ಹೊಣೆ ರೋಗಿಯ ಮನಸ್ಸಿನ ಮೇಲೆ ಬಂತು. 1930ರಲ್ಲಿ ಸೆಸಿಲ್ ಮರ್ರೆ ಮಾನಸಿಕ ಕಾರಣವನ್ನು ಮುಂದಿಟ್ಟರು. 1950ರ ಹೊತ್ತಿಗೆ ಶಿಕಾಗೋದ ಮನೋವಿಶ್ಲೇಷಕ ಫ್ರಾನ್ಜ್ ಅಲೆಕ್ಸಾಂಡರ್ ಪಟ್ಟಿ ಮಾಡಿದ ಏಳು ಮನೋದೈಹಿಕ ಕಾಯಿಲೆಗಳಲ್ಲಿ ಇದೂ ಒಂದು. ರೋಗಿ ಅವಲಂಬಿ ಸ್ವಭಾವದವಳು, ತಾಯಿಯನ್ನು ಬಿಡಲಾರದವಳು, ಹೀಗೆಲ್ಲ ವಿವರಣೆ. ಇವತ್ತು ಇದನ್ನು ಕಾರಣವೆಂದು ವೈದ್ಯರು ಒಪ್ಪುವುದಿಲ್ಲ. ಆನುವಂಶಿಕ ಒಲವು, ಕರುಳಿನ ಬ್ಯಾಕ್ಟೀರಿಯಾಗಳು, ದೇಹದ ರೋಗನಿರೋಧಕ ವ್ಯವಸ್ಥೆ, ಇವುಗಳ ನಡುವಿನ ತಾಳ ತಪ್ಪುವುದು ಮುಖ್ಯ ಅಂತ ಈಗಿನ ತಿಳಿವಳಿಕೆ. ಮನಸ್ಸಿನ ಒತ್ತಡ ಲಕ್ಷಣಗಳನ್ನು ಹೆಚ್ಚಿಸಬಹುದು, ಅದು ಬೇರೆ ಮಾತು.

ನೋಡಿ, ಆ ಹಳೆಯ ವಿವರಣೆ ಪುಸ್ತಕದಿಂದ ಹೋದರೂ ಮನೆಯಿಂದ ಹೋಗಿಲ್ಲ. 'ಪರೀಕ್ಷೆಯ ಹೆದರಿಕೆ', 'ಹಾಸ್ಟೆಲಿನ ಊಟ', 'ಖಾರ ಜಾಸ್ತಿ ತಿಂದದ್ದು', 'ಮದುವೆ ಆದರೆ ಸರಿಯಾಗ್ತದೆ', ಇಷ್ಟನ್ನೂ ನಾನು ಕೇಳಿದ್ದೇನೆ. ರಿಚ್ಮಂಡ್‌ನಲ್ಲಿ ಅಪರಾಧಿ ಪಕ್ಕದಲ್ಲಿದ್ದ ಗಂಡಸು. ಇಲ್ಲಿ ಅಪರಾಧಿ ರೋಗಿಯೇ.

4. ಎಣಿಕೆ ಬದುಕಿಸಿತು

ಹಾಗಾದರೆ ಸಾವು ಕಡಿಮೆಯಾದದ್ದು ಹೇಗೆ? ಕಾರಣ ಗೊತ್ತಾದ್ದರಿಂದ ಅಲ್ಲ. ಎಣಿಸಿದ್ದರಿಂದ. ನನ್ನ ಪ್ರಬಂಧದ ತಿರುಳು ಇದೇ.

ಸ್ವೀಡನ್ನಿನ ನನ್ನಾ ಸ್ವಾರ್ಟ್ಸ್ ಎಂಬ ವೈದ್ಯೆ ಸಂಧಿವಾತಕ್ಕೆಂದು ರೂಪಿಸಿದ ಸಲ್ಫಾಸಲಜೀನ್ ಮಾತ್ರೆ ಕೊಲೈಟಿಸ್ ರೋಗಿಗಳಿಗೆ ಹಿಡಿಸಿತು. ಅವರು ಅದನ್ನು 1942ರಲ್ಲಿ ಪ್ರಕಟಿಸಿದರು. ಆಮೇಲೆ ಬಂದವರು ಆಕ್ಸ್‌ಫರ್ಡಿನ ಸಿಡ್ನಿ ಟ್ರೂಲವ್ ಮತ್ತು ಲೆಸ್ಲಿ ವಿಟ್ಸ್. ಅವರು 210 ರೋಗಿಗಳನ್ನು ಎರಡು ಗುಂಪು ಮಾಡಿ, 109 ಜನರಿಗೆ ಕಾರ್ಟಿಸೋನ್, 101 ಜನರಿಗೆ ಅದಿಲ್ಲದ ಹುಸಿ ಮಾತ್ರೆ ಕೊಟ್ಟು ನೋಡಿದರು. 1955ರ ಅಂತಿಮ ವರದಿಯಲ್ಲಿ ಮೊದಲ ಗುಂಪಿನ ನೂರಕ್ಕೆ 41 ಜನ ಶಮನ ಕಂಡಿದ್ದರು, ಎರಡನೆಯದರಲ್ಲಿ ನೂರಕ್ಕೆ 16. ಹೀಗೆ ಹೋಲಿಸಬೇಕಾದರೆ ಯಾರದ್ದು ಸೌಮ್ಯ, ಯಾರದ್ದು ತೀವ್ರ ಎಂದು ಮೊದಲು ಗೊತ್ತಿರಬೇಕಲ್ಲ. ಅದಕ್ಕಾಗಿ ಅವರೊಂದು ಅಳತೆ ಮಾಡಿಕೊಂಡರು. ದಿನಕ್ಕೆ 6 ಅಥವಾ ಹೆಚ್ಚು ಸಲ ರಕ್ತ ಸಹಿತ ಭೇದಿ, ಜತೆಗೆ ಜ್ವರ, ನಿಮಿಷಕ್ಕೆ 90ಕ್ಕಿಂತ ಹೆಚ್ಚು ನಾಡಿ, ರಕ್ತಹೀನತೆ, ರಕ್ತದ ಇ.ಎಸ್.ಆರ್. ಏರಿಕೆ ಇವು ಕಂಡರೆ ತೀವ್ರ. ಇವತ್ತಿಗೂ ಆಸ್ಪತ್ರೆಗೆ ಸೇರಿಸಬೇಕೋ ಎಂದು ನಿರ್ಧರಿಸಲು ವೈದ್ಯರು ಈ ಅಳತೆಯನ್ನೇ ನೋಡ್ತಾರೆ.

ಈ ಅಳತೆಯ ಮೊದಲ ಸಾಲು ಯಾವ ಯಂತ್ರದಿಂದಲೂ ಬರುವುದಿಲ್ಲ. ಎಷ್ಟು ಸಲ, ರಕ್ತ ಉಂಟೋ ಇಲ್ಲವೋ, ಇದನ್ನು ರೋಗಿ ಬಾಯಿಬಿಟ್ಟು ಹೇಳಬೇಕು.

ಸ್ಟೀರಾಯ್ಡ್ ಬೆಂಕಿ ಆರಿಸ್ತದೆ, ಆದರೆ ಮತ್ತೆ ಹತ್ತದ ಹಾಗೆ ಕಾಯುವುದಿಲ್ಲ ಅಂತ ಮುಂದಿನ ವರ್ಷಗಳಲ್ಲಿ ತಿಳಿಯಿತು. ದೀರ್ಘಕಾಲ ತಿಂದರೆ ಮೂಳೆ, ಸಕ್ಕರೆ, ಕಣ್ಣು ಎಲ್ಲಕ್ಕೂ ಹಾನಿ. ಕಾಯುವ ಕೆಲಸಕ್ಕೆ ಸಲ್ಫಾಸಲಜೀನ್ ಬೇಕು ಎಂದು 1965ರ ಲಂಡನ್ ಪ್ರಯೋಗ ತೋರಿಸಿತು: ಆರಾಮಾದ ಮೇಲೂ ಮಾತ್ರೆ ಮುಂದುವರಿಸಿದವರಲ್ಲಿ ಕಾಯಿಲೆ ಮರುಕಳಿಸಿದ್ದು ಬಹಳ ಕಡಿಮೆ. ಆ ಮಾತ್ರೆಯ ಯಾವ ಭಾಗ ಕೆಲಸ ಮಾಡ್ತದೆ ಎಂಬುದನ್ನು 1977ರಲ್ಲಿ ಟ್ರೂಲವ್ ಜೊತೆ ಸೇರಿ ತೋರಿಸಿದವರು ಬಾಂಗ್ಲಾದೇಶದ ಎ. ಕೆ. ಆಜಾದ್ ಖಾನ್. ಈಗ ನಾವು ನುಂಗುವ ಮೆಸಲಮೀನ್ ಅದೇ ಭಾಗ. ಇದು ಸಾಲದವರಿಗೆ ಅಜಥಯೊಪ್ರಿನ್, 2005ರ ಪ್ರಯೋಗಗಳ ನಂತರ ಇನ್‌ಫ್ಲಿಕ್ಸಿಮ್ಯಾಬ್‌ನಂಥ ಜೈವಿಕ ಔಷಧಗಳು ಉಂಟು. ನಮ್ಮ ದೇಶದಲ್ಲಿ ಅವನ್ನು ಕೊಡುವ ಮೊದಲು ಅಡಗಿರುವ ಕ್ಷಯವಿದೆಯೇ ಎಂದು ನೋಡುವುದು ಕಡ್ಡಾಯ ಎನ್ನುವಷ್ಟು ಮುಖ್ಯ. ಕೊನೆಯ ದಾರಿ ಶಸ್ತ್ರಚಿಕಿತ್ಸೆ. 1978ರಲ್ಲಿ ಪಾರ್ಕ್ಸ್ ಮತ್ತು ನಿಕೋಲ್ಸ್ ಸಣ್ಣ ಕರುಳಿನಿಂದಲೇ ಒಳಚೀಲ ಮಾಡುವ ವಿಧಾನ ತೋರಿಸಿದ ಮೇಲೆ, ದೊಡ್ಡ ಕರುಳು ತೆಗೆದವರೆಲ್ಲರೂ ಹೊಟ್ಟೆಯ ಮೇಲೆ ಶಾಶ್ವತವಾಗಿ ಚೀಲ ಕಟ್ಟಿಕೊಳ್ಳಬೇಕಾಗಿಲ್ಲ.

5. ಗಡಿ ದಾಟುವ ಮಾತು

ಈಗ ನಮ್ಮ ಊರಿಗೆ ಬರ್ತೇನೆ. ಕಾಸರಗೋಡು 1956ರಿಂದ ಕೇರಳದಲ್ಲಿದೆ, ಆದರೆ ದೊಡ್ಡ ಕಾಯಿಲೆಗೆ ನಮ್ಮ ದಾರಿ ತಲಪಾಡಿ ದಾಟಿ ಮಂಗಳೂರಿಗೆ. ನನ್ನ ಕಡತದಲ್ಲಿ ಮಲಯಾಳದ ಚೀಟಿ ಉಂಟು, ಇಂಗ್ಲಿಷಿನ ವರದಿ ಉಂಟು. ಕನ್ನಡದ ಒಂದು ಹಾಳೆಯೂ ಇಲ್ಲ. ಅಕ್ಕಲಕೋಟೆಯವರಿಗೆ ಮಲಯಾಳದ ಜಾಗದಲ್ಲಿ ಮರಾಠಿ, ತಾಳವಾಡಿಯವರಿಗೆ ತಮಿಳು, ಆದೋನಿಯವರಿಗೆ ತೆಲುಗು ಇದ್ದೀತು.

ಆದರೆ ತೊಡಕು ಬೇರೆಯವರ ಭಾಷೆಯದ್ದು ಮಾತ್ರವಲ್ಲ. ನಮ್ಮ ಮಾತಿನದ್ದೂ ಹೌದು. ಹೊರಕಡೆ ಹೋಗುವುದು, ಎರಡಕ್ಕೆ ಹೋಗುವುದು, ಬಯಲಕಡೆ, ಉತ್ತರದ ಕಡೆಯವರ ಚರಗಿ ತಗೊಂಡು ಹೋಗೋದು, ಈ ಮರ್ಯಾದೆಯ ಮಾತುಗಳೆಲ್ಲ ಹೋದ ಜಾಗವನ್ನು ಹೇಳ್ತವೆ, ಬಂದದ್ದನ್ನು ಹೇಳುವುದಿಲ್ಲ. ಹತ್ತು ಸಲ ಓಡಿ ಬರೇ ಲೋಳೆ, ರಕ್ತ ಬಂದದ್ದೂ 'ಹೊರಕಡೆ ಜಾಸ್ತಿ' ಎಂಬ ಎರಡೇ ಪದದಲ್ಲಿ ಮುಗಿದುಹೋಗ್ತದೆ. ಹೆಣ್ಣುಮಕ್ಕಳಿಗಂತೂ ಅದೂ ಬಾಯಿಗೆ ಬರುವುದಿಲ್ಲ. ಮುಜುಗರದಿಂದ ಕಳೆದುಹೋದ ಆ ಸಂಖ್ಯೆಯೇ ಟ್ರೂಲವ್ ಮತ್ತು ವಿಟ್ಸ್ ಕೇಳಿದ ಸಂಖ್ಯೆ.

2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ಗಡಿರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದು ನಿಮಗೆ ನೆನಪಿರಬಹುದು. ರೋಗಿಗಳ ಸಂಚಾರಕ್ಕಾಗಿ ವಿಷಯ ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ನಿತ್ಯ ಮಾತ್ರೆ ನಿಂತರೆ ಮರುಕಳಿಸುವ ಕಾಯಿಲೆಯವರಿಗೆ ಅಂಥ ಗಡಿ ನಕ್ಷೆಯ ಗೆರೆಯಲ್ಲ. ಹಾಗಾಗಿ ಗಡಿಯವರಿಗೆ ನಾನು ಹೇಳುವುದು ಇಷ್ಟು. ಕನಿಷ್ಠ ಒಂದು ತಿಂಗಳ ಮಾತ್ರೆ ಮುಂಗಡವಾಗಿ ಮನೆಯಲ್ಲಿರಲಿ. ಆರಾಮಾಯಿತೆಂದು ಸ್ವಂತ ನಿರ್ಧಾರದಿಂದ ನಿಲ್ಲಿಸಬೇಡಿ. ಸ್ಟೀರಾಯ್ಡನ್ನು ಏಕಾಏಕಿ ಬಿಡಬೇಡಿ. ಮೈಕೈ ನೋವಿಗೆ ಐಬುಪ್ರೊಫೇನ್‌ನಂಥ ಮಾತ್ರೆ ಕೇಳದೆ ನುಂಗಬೇಡಿ, ಕೆಲವರಲ್ಲಿ ಕರುಳು ಅದರಿಂದ ಕೆರಳ್ತದೆ. ಕಾಯಿಲೆ ಶುರುವಾಗಿ ಎಂಟು ವರ್ಷವಾದ ಮೇಲೆ ಕ್ಯಾನ್ಸರಿನ ಎಚ್ಚರಿಕೆಗಾಗಿ ಕೊಲೊನೊಸ್ಕೊಪಿಯ ಬಗ್ಗೆ ವೈದ್ಯರನ್ನು ಕೇಳಿ.

ಮತ್ತೊಂದು, ಸಾಹಿತ್ಯದ ವಿದ್ಯಾರ್ಥಿಯಾಗಿ ಹೇಳುವುದು. ಒಂದು ಚೀಟಿಯಲ್ಲಿ ದಿನಾಂಕ, ಹಗಲು ಎಷ್ಟು ಸಲ, ರಾತ್ರಿ ಎದ್ದದ್ದು ಎಷ್ಟು ಸಲ, ರಕ್ತ ಉಂಟೋ, ಜ್ವರ ಉಂಟೋ ಎಂದು ಕನ್ನಡದಲ್ಲೇ ಬರೆದಿಡಿ. ಅಂಕಿಗಳನ್ನು ಯಾವ ಭಾಷೆಯ ವೈದ್ಯರೂ ಓದ್ತಾರೆ. ಗಡಿನಾಡ ಕನ್ನಡ ಸಂಘಗಳು ಐದು ಭಾಷೆಯಲ್ಲಿ ಇಂಥದ್ದೊಂದು ಹಾಳೆ ಅಚ್ಚುಮಾಡಿ ಹಂಚಿದರೆ, ಭಾಷೆ ಉಳಿಸುವ ಕೆಲಸವೂ ಜೀವ ಉಳಿಸುವ ಕೆಲಸವೂ ಒಟ್ಟಿಗೆ ಆಗ್ತದೆ. ಪದಗಳನ್ನು ಒಟ್ಟುಮಾಡಿ ಕೊಡಲು ನಾನು ತಯಾರಿದ್ದೇನೆ.