ಮರಕ್ಕೆ ತೂಗಿದ ನೇಗಿಲು: ಸರ್ವಮಾನ್ಯ, ಕೂಟಶಾಸನ ಮತ್ತು ತೆರಿಗೆ ಅಸಹಕಾರ

‘ಎಪಿಗ್ರಾಫಿಯ ಕರ್ನಾಟಿಕ’ದ ಪರಿಷ್ಕೃತ ಆವೃತ್ತಿಯಲ್ಲಿ 6ನೇ ಸಂಪುಟ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳದ್ದು. ನಾಗಮಂಗಲದ ಶಾಸನಗಳು 7ನೇ ಸಂಪುಟದಲ್ಲಿವೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದವರಿಗೆ ಒಂದು ವಿಷಯ ಬೇಗ ಗೊತ್ತಾಗುತ್ತೆ: ದಾನಶಾಸನಗಳ ತಿರುಳು ತೆರಿಗೆ. ದೇವರಿಗೆ ಊರು ಬಿಟ್ಟರು, ಬ್ರಾಹ್ಮಣರಿಗೆ ಅಗ್ರಹಾರ ಕೊಟ್ಟರು ಅಂತ ಹೇಳೋದು ನಮ್ಮ ರೂಢಿ. ಆದರೆ ಬಹಳ ಸಲ ಅಲ್ಲಿ ಕೈ ಬದಲಾದದ್ದು ಆ ನೆಲದಿಂದ ಅರಮನೆಗೆ ಸೇರಬೇಕಿದ್ದ ತೆರಿಗೆಯ ಹಕ್ಕು. ‘ಸರ್ವಮಾನ್ಯ’, ‘ಸರ್ವನಮಸ್ಯ’, ‘ಸರ್ವಬಾಧಾಪರಿಹಾರ’ ಎಂಬ ಮಾತುಗಳು ಹೇಳೋದು ಇದನ್ನೇ.

ಹೊಯ್ಸಳರ ಕಾಲದ ಶಾಸನಗಳಲ್ಲಿ ಈ ತೆರಿಗೆಗಳ ಹೆಸರು ಒಂದೊಂದಾಗಿ ಬರುತ್ತವೆ. ಸಿದ್ಧಾಯ ಅಂದ್ರೆ ನಿಗದಿಯಾದ ಕಂದಾಯ. ಹೆಜ್ಜುಂಕ ಅಂದ್ರೆ ದೊಡ್ಡ ಸುಂಕ. ಮಗ್ಗದೆರೆ, ಗಾಣದೆರೆ, ಮನೆದೆರೆ, ಮದುವೆಸುಂಕ ಹೆಸರಿಂದಲೇ ಅರ್ಥವಾಗುತ್ತವೆ. ಚಿಲ್ಲರೆ ಬಾಬುಗಳ ಸುಂಕಕ್ಕೆ ‘ಕಿರುಕುಳ’ ಅಂತ ಹೆಸರು. ಆ ಪದ ಇವತ್ತು ಯಾವ ಅರ್ಥದಲ್ಲಿ ಉಳಿದಿದೆ ಅನ್ನೋದು ನಿಮಗೆ ಗೊತ್ತೇ ಇದೆ. ‘ಅಳಿವು ಅನ್ಯಾಯ’ ಅನ್ನೋ ಬಾಬು ಕೂಡ ಪಟ್ಟಿಗಳಲ್ಲಿ ಸಿಗುತ್ತೆ.

ಈ ವಿನಾಯಿತಿ ಯಾರ ಕೈಗೆ ಹೋಯ್ತು? ಒಬ್ಬೊಬ್ಬ ವ್ಯಕ್ತಿಗೆ ಕೊಟ್ಟದ್ದು ಉಂಟು. ದೊಡ್ಡ ಪಾಲು ಮಾತ್ರ ಸಂಸ್ಥೆಗಳಿಗೆ. ಪಾಂಡವಪುರ ತಾಲ್ಲೂಕಿನ ತೊಣ್ಣೂರು ಹೊಯ್ಸಳರ ಕಾಲದಲ್ಲಿ ಯಾದವನಾರಾಯಣ ಚತುರ್ವೇದಿಮಂಗಲ ಎಂಬ ದೊಡ್ಡ ಅಗ್ರಹಾರ. ಇಂಥ ಅಗ್ರಹಾರಗಳಲ್ಲಿ ಮಹಾಜನರು ಒಂದು ಮಂಡಳಿಯಾಗಿ ಆಸ್ತಿ ಹಿಡೀತಿದ್ದರು, ದತ್ತಿ ಪಡೀತಿದ್ದರು, ಒಪ್ಪಂದ ಮಾಡ್ತಿದ್ದರು. ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲಿನಲ್ಲಿ 12ನೇ ಶತಮಾನದ ಆರಂಭದಲ್ಲಿ ತ್ರಿಕೂಟ ಜಿನಾಲಯ ಕಟ್ಟಿಸಿದ್ದು ವ್ಯಾಪಾರಿ ನೊಳಬಿಸೆಟ್ಟಿಯ ಹೆಂಡತಿ ದೇಮಿಕಬ್ಬೆ. ಇಂಥ ಸೆಟ್ಟಿಗಳ ಹಿಂದೆ ನಕರಗಳು, ಅಯ್ಯಾವೊಳೆ ಐನೂರ್ವರಂಥ ವರ್ತಕ ಸಂಘಗಳು ಕೆಲಸ ಮಾಡುತ್ತಿದ್ದ ಕಾಲ ಅದು. ಒಬ್ಬ ಸದಸ್ಯ ಸತ್ತರೂ ಮಂಡಳಿ ಸಾಯೋದಿಲ್ಲ, ಅದರ ಹಕ್ಕೂ ಸಾಯೋದಿಲ್ಲ. ಕಾರ್ಪೊರೇಟ್ ಅನ್ನೋ ಪದ ಹೊಸದಿರಬಹುದು, ವಸ್ತು ಹಳೇದು.

ಈಗ ನಾಗಮಂಗಲಕ್ಕೆ ಬರೋಣ. ಈ ತಾಲ್ಲೂಕಿನ ದೇವರಹಳ್ಳಿಯ ತಾಮ್ರಪಟಗಳು ಗಂಗ ದೊರೆ ಶ್ರೀಪುರುಷನವು, ಶಕ 698, ಅಂದ್ರೆ ಕ್ರಿ.ಶ. 776–77. ನಿರ್ಗುಂದದ ಅರಸ ಪರಮಗೂಳನ ಹೆಂಡತಿ ಕುಂದಾಚ್ಚಿ ಶ್ರೀಪುರದಲ್ಲಿ ಲೋಕತಿಲಕ ಜಿನಾಲಯ ಕಟ್ಟಿಸಿದಳು. ಅದಕ್ಕೆ ಪೊನ್ನಳ್ಳಿ ಎಂಬ ಊರನ್ನು ತೆರಿಗೆ ಇಲ್ಲದೆ ಬಿಟ್ಟುಕೊಟ್ಟರು. ಊರಿನ ಎಲ್ಲೆ ಎಲ್ಲೆಲ್ಲಿ ಹಾದುಹೋಗುತ್ತೆ ಅಂತ ಪಟದಲ್ಲಿ ವಿವರವಾಗಿ ಬರೆದಿದೆ. ಹದಿನೆಂಟು ಪ್ರಕೃತಿಗಳು, ಅಂದ್ರೆ ರಾಜ್ಯದ ಅಧಿಕಾರವರ್ಗ ಮತ್ತು ಪ್ರಮುಖರು, ಸಾಕ್ಷಿ ನಿಂತಿದ್ದಾರೆ. ಬರೆದ ವಿಶ್ವಕರ್ಮಾಚಾರ್ಯನಿಗೂ ಬತ್ತ ಮತ್ತು ಕಂಗು ಬಿತ್ತುವಷ್ಟು ನೆಲ ಸಿಕ್ಕಿದೆ.

ಇಷ್ಟೊಂದು ಎಚ್ಚರಿಕೆ ಯಾಕೆ? ಎಲ್ಲೆ ಬರೀಬೇಕು, ಸಾಕ್ಷಿ ಹೆಸರಿಸಬೇಕು, ಕೊನೆಗೆ ಕೆಡಿಸಿದವನಿಗೆ ಶಾಪ ಹಾಕಬೇಕು. ಒಂದು ಊರಿಗೆ ತೆರಿಗೆ ಬಿಟ್ಟರೆ ಅರಮನೆಯ ಖರ್ಚೇನೂ ಕಡಿಮೆಯಾಗೋದಿಲ್ಲ. ಪಕ್ಕದೂರಿನವನ ಮೇಲೆ ಭಾರ ಬೀಳುವ ಸಾಧ್ಯತೆ ಇದ್ದೇ ಇದೆ. ಹಾಗಾಗಿ ಮೇರೆಯ ಆಚೆ ಯಾರು, ಈಚೆ ಯಾರು ಅನ್ನೋದು ಸುತ್ತಲಿನವರಿಗೆ ತಿಳಿದಿರಲೇಬೇಕು. ಇನ್ನೊಂದು ಕಾರಣ ಮೋಸದ ಭಯ.

ತಾಮ್ರದ ನಾಲ್ಕು ಹಲಗೆ ಶಾಶ್ವತವಾಗಿ ತೆರಿಗೆ ತಪ್ಪಿಸಬಲ್ಲುದು ಅಂದಮೇಲೆ ಅಂಥ ಹಲಗೆಯನ್ನು ಮನೆಯಲ್ಲೇ ತಯಾರಿಸುವ ಆಸೆ ಯಾರಿಗಾದರೂ ಬರುತ್ತೆ. ಸಂಸ್ಕೃತದಲ್ಲಿ ಇದಕ್ಕೆ ‘ಕೂಟಶಾಸನ’ ಅಂತಲೇ ಹೆಸರಿದೆ; ಮನುಸ್ಮೃತಿ ಅದನ್ನು ಮಾಡಿದವನಿಗೆ ಮರಣದಂಡನೆ ಹೇಳುತ್ತೆ. ಹರ್ಷವರ್ಧನನ ಮಧುಬನ್ ತಾಮ್ರಪಟದಲ್ಲಿ ಇದರ ನೇರ ಉದಾಹರಣೆಯೇ ಇದೆ. ವಾಮರಥ್ಯ ಎಂಬ ಬ್ರಾಹ್ಮಣ ಕೂಟಶಾಸನದ ಬಲದಿಂದ ಸೋಮಕುಂಡಕಾ ಎಂಬ ಊರನ್ನು ಅನುಭವಿಸ್ತಿದ್ದ. ಹರ್ಷ ಆ ಪಟವನ್ನು ಒಡೆಸಿ ಊರನ್ನು ಬೇರೆ ಇಬ್ಬರಿಗೆ ಕೊಟ್ಟ. ನಮ್ಮ ಗಂಗರ ತಾಮ್ರಪಟಗಳ ಬಗ್ಗೆಯೂ ದೊಡ್ಡ ಜಗಳ ನಡೆದಿದೆ. ಜೆ.ಎಫ್. ಫ್ಲೀಟ್ ಅವುಗಳಲ್ಲಿ ಬಹುಪಾಲು ಕೂಟ ಅಂದರು, ಬಿ.ಎಲ್. ರೈಸ್ ಒಪ್ಪಲಿಲ್ಲ. ಲಿಪಿ, ಭಾಷೆ, ತಿಥಿ-ವಾರದ ಲೆಕ್ಕ ಹಿಡಿದು ನಡೆದ ಈ ವಾದವನ್ನು ನಾವು ವಂಶಾವಳಿಯ ಜಗಳ ಅಂತ ಓದ್ತೀವಿ. ಅದರ ತಳದಲ್ಲಿರುವ ಪ್ರಶ್ನೆ ಬೇರೆ: ಈ ಹಲಗೆಯಿಂದ ಯಾರ ತೆರಿಗೆ ಉಳೀತು?

ವರ್ತಕ ಸಂಘಗಳಿಗೂ ಈ ಪ್ರಶ್ನೆ ಎದುರಾಗಿದ್ದಿರಬೇಕು. ಅಯ್ಯಾವೊಳೆ ಐನೂರ್ವರ ಪ್ರಸಿದ್ಧ ಪ್ರಶಸ್ತಿಯೊಂದು ಶಿಕಾರಿಪುರ ತಾಲ್ಲೂಕಿನ ಶಾಸನದಲ್ಲಿದೆ. ಆನೆ, ಕುದುರೆ, ರತ್ನ, ಗಂಧದ್ರವ್ಯಗಳನ್ನು ದೇಶದೇಶ ಸುತ್ತಿ ಮಾರುವ ವರ್ಣನೆಯ ನಡುವೆ, ತಾವು ಸುಂಕಕ್ಕೆ ನಷ್ಟವಾಗದಂತೆ ನೋಡಿಕೊಳ್ಳುವವರು, ದೊರೆಯ ಭಂಡಾರ ತುಂಬುವವರು ಅಂತ ಅವರು ಹೇಳಿಕೊಳ್ತಾರೆ. ಸುಂಕ ತಪ್ಪಿಸುವ ವರ್ತಕರು ಇಲ್ಲದ ಲೋಕದಲ್ಲಿ ಇದನ್ನು ಹೊಗಳಿಕೆ ಅಂತ ಬರೆಸಿಕೊಳ್ಳುವ ಅಗತ್ಯ ಬರ್ತಿರಲಿಲ್ಲ.

ಇಷ್ಟೂ ಪ್ರಜೆಗಳು ಅರಮನೆಗೆ ಕೊಡೋದನ್ನು ತಪ್ಪಿಸಿದ ಕಥೆ. ಅರಮನೆಯೇ ಕಾನೂನಿನಿಂದ ಜಾರಿಕೊಂಡ ಕಥೆ ಶ್ರೀರಂಗಪಟ್ಟಣದ್ದು. ಚಿಕ್ಕದೇವರಾಜ ಒಡೆಯರು 1673ರಿಂದ 1704ರವರೆಗೆ ಅಲ್ಲಿಂದ ಆಳಿದರು. ಬೆಳೆಯಲ್ಲಿ ಆರನೇ ಒಂದು ಪಾಲು ರಾಜನದ್ದು ಅನ್ನೋದು ಶಾಸ್ತ್ರದ ಮಾತು. ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತಮ್ಮ ಮೈಸೂರು ಇತಿಹಾಸದ ಮೊದಲ ಸಂಪುಟದಲ್ಲಿ ಹೇಳುವಂತೆ, ದೊರೆ ಆ ಆರನೇ ಪಾಲನ್ನು ಬಾಯಿಮಾತಿಗೂ ಹೆಚ್ಚಿಸಲಿಲ್ಲ. ಸುತ್ತಲೂ ಸಣ್ಣ ಸಣ್ಣ ತೆರಿಗೆಗಳನ್ನು ಹೂಡಿದರು. ಹುಲ್ಲಿಗೆ ಹುಲ್ಲುಹಣ, ನೇಗಿಲಿಗೆ ಏರುತೆರಿಗೆ, ಸವೆದ ನಾಣ್ಯದ ನಷ್ಟ ತುಂಬಲು ದೇವರಾಯವಟ್ಟ, ಹೀಗೆ ಪಟ್ಟಿ ಬೆಳೆಯುತ್ತೆ. ಶಾಸ್ತ್ರದ ಅಕ್ಷರ ಉಳೀತು, ರೈತನ ಪಾಲು ಕರಗಿತು. ದಿನವೂ ಎರಡು ಚೀಲ ಹಣ ಖಜಾನೆ ಸೇರದೆ ದೊರೆ ಊಟಕ್ಕೆ ಏಳ್ತಿರಲಿಲ್ಲ ಅನ್ನೋ ಕಥೆಯನ್ನೂ ವಿಲ್ಕ್ಸ್ ಬರೆದಿದ್ದಾರೆ. ‘ನವಕೋಟಿ ನಾರಾಯಣ’ ಅನ್ನೋ ಬಿರುದು ಜನರ ಬಾಯಲ್ಲಿ ಇವತ್ತಿಗೂ ಇದೆ.

ರೈತರು ಏನು ಮಾಡಿದರು? ವಿಲ್ಕ್ಸ್ ಪ್ರಕಾರ ಊರೂರಲ್ಲಿ ಊರಬಾಗಿಲ ಮರಕ್ಕೆ ನೇಗಿಲನ್ನು ತಲೆಕೆಳಗಾಗಿ ತೂಗುಹಾಕಿದರು. ಉಳೋದೇ ಇಲ್ಲ ಅಂದಮೇಲೆ ಹುಲ್ಲುಹಣ ಎಲ್ಲಿಂದ ಬರಬೇಕು, ಆರನೇ ಪಾಲು ಎಲ್ಲಿಂದ? ಆ ಮರದ ನೆರಳು ಊರಿನವರಿಗೆ ಕಾಫಿ ಹೌಸ್ ಇದ್ದ ಹಾಗೆ ಅಂತ ವಿಲ್ಕ್ಸ್ ತಮ್ಮ ಇಂಗ್ಲೆಂಡಿನ ಓದುಗರಿಗೆ ವಿವರಿಸ್ತಾರೆ. ನಮ್ಮ ಮಾತಲ್ಲಿ ಅರಳಿಕಟ್ಟೆ. ಪ್ರತಿರೋಧಕ್ಕೆ ಜಂಗಮರ ಬೆಂಬಲವಿತ್ತು, ಅದನ್ನು ಬಹಳ ಕ್ರೂರವಾಗಿ ಅಡಗಿಸಿದರು ಅಂತಲೂ ಅವರು ಬರೀತಾರೆ. ನೂರು ವರ್ಷಕ್ಕೂ ಹೆಚ್ಚು ಕಾಲದ ನಂತರ ಬರೆದದ್ದು ಅನ್ನೋದನ್ನು ನೆನಪಿಟ್ಟು ಓದಬೇಕು. ಆದರೆ ತಲೆಕೆಳಗಾದ ನೇಗಿಲು ಅಷ್ಟು ಕಾಲ ಜನರ ನೆನಪಲ್ಲಿ ಉಳಿದದ್ದೇ ಒಂದು ಸಾಕ್ಷ್ಯ.

ಮುಂದೆ 1830ರಲ್ಲಿ ನಗರ ಸೀಮೆಯ ರೈತರು ಕಂದಾಯ ಕೊಡೋದಿಲ್ಲ ಅಂತ ಗುಂಪುಗೂಡಿದಾಗ ಆ ಸಭೆಗಳಿಗೆ ‘ಕೂಟ’ ಅಂತಲೇ ಹೆಸರಾಯ್ತು. ಆ ದಂಗೆಯ ಬೆನ್ನಲ್ಲೇ 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷರ ಕೈಗೆ ಹೋಯ್ತು. ತೆರಿಗೆ ತಪ್ಪಿಸಲು ಗುಟ್ಟಾಗಿ ಬರೆದ ಹಲಗೆಯೂ ‘ಕೂಟ’, ತೆರಿಗೆ ನಿರಾಕರಿಸಿ ಬಯಲಲ್ಲಿ ಸೇರಿದ ಜನವೂ ‘ಕೂಟ’. ಅರ್ಥ ಬೇರೆ ಬೇರೆ, ಆದರೆ ಎರಡೂ ಒಂದೇ ಜಗಳದ ಎರಡು ಕಡೆ.

ಈ ಜಗಳ ಹಳೇಕಾಲದ್ದು ಮಾತ್ರ ಅಂತ ಅನ್ನಿಸಿದರೆ 2012ರ ಬ್ರಿಟನ್ ನೋಡಿ. ಸ್ಟಾರ್‌ಬಕ್ಸ್ ಕಂಪನಿ 1998ರಿಂದ ಅಲ್ಲಿ 300 ಕೋಟಿ ಪೌಂಡಿಗೂ ಹೆಚ್ಚು ವ್ಯಾಪಾರ ಮಾಡಿ, ಕಾರ್ಪೊರೇಷನ್ ತೆರಿಗೆ ಕಟ್ಟಿದ್ದು ಸುಮಾರು 86 ಲಕ್ಷ ಪೌಂಡ್ ಅಂತ ಆ ವರ್ಷ ರಾಯಿಟರ್ಸ್ ವರದಿ ಮಾಡಿತು. ಬ್ರ್ಯಾಂಡ್ ಬಳಸುವ ಶುಲ್ಕ ಅಂತ ಹಣ ನೆದರ್ಲೆಂಡ್ಸ್‌ನ ಅಂಗಸಂಸ್ಥೆಗೆ ಹೋಗ್ತಿತ್ತು, ಕಾಫಿಬೀಜದ ಖರೀದಿ ಸ್ವಿಟ್ಜರ್ಲೆಂಡಿನ ಅಂಗಸಂಸ್ಥೆಯ ಮೂಲಕ ನಡೀತಿತ್ತು. ಕಾನೂನು ಮುರಿದಿರಲಿಲ್ಲ. ಸಂಸತ್ತಿನ ಸಮಿತಿ ಕಂಪನಿಯವರನ್ನು ಕರೆಸಿ ಪ್ರಶ್ನಿಸಿತು, ಗಿರಾಕಿಗಳು ಬಹಿಷ್ಕಾರದ ಮಾತಾಡಿದರು, ಡಿಸೆಂಬರಿನಲ್ಲಿ ಅಂಗಡಿಗಳ ಮುಂದೆ ಪ್ರತಿಭಟನೆ ನಡೀತು. ಕಂಪನಿ ಎರಡು ವರ್ಷಕ್ಕೆ 2 ಕೋಟಿ ಪೌಂಡ್ ಕಟ್ಟುವುದಾಗಿ ಒಪ್ಪಿಕೊಂಡಿತು. ಕೋರ್ಟಿನ ತೀರ್ಪು ಇಲ್ಲದೆ ಬಂದ ಹಣ ಅದು. ಕಾಫಿ ಕುಡಿಯೋದನ್ನು ನಿಲ್ಲಿಸ್ತೀವಿ ಅನ್ನೋ ಮಾತಿಗೆ ಬಂದದ್ದು.

ಎರಡಕ್ಕೂ ಒಂದು ಮುಖ್ಯ ವ್ಯತ್ಯಾಸ ಇದೆ. ಪೊನ್ನಳ್ಳಿಯ ವಿನಾಯಿತಿಗೆ ಮೇರೆ ಇತ್ತು, ಸಾಕ್ಷಿ ಇತ್ತು. ಆ ಊರಿನವರು ಯಾಕೆ ಅರಮನೆಗೆ ಕಟ್ಟೋದಿಲ್ಲ ಅಂತ ಪಕ್ಕದೂರಿನವನು ಕೇಳಿದರೆ ತೋರಿಸಲು ಒಂದು ದಾಖಲೆ ಇತ್ತು. ಅದು ನ್ಯಾಯವೋ ಅಲ್ಲವೋ ಅನ್ನೋದು ಬೇರೆ ಮಾತು, ಆದರೆ ಬಚ್ಚಿಟ್ಟದ್ದಲ್ಲ. ಹುಲ್ಲುಹಣ ಮತ್ತು ಬ್ರ್ಯಾಂಡ್ ಶುಲ್ಕ ಎರಡರಲ್ಲೂ ಕೊಡುವುದಕ್ಕೊಂದು ಹೆಸರು, ಅದರ ಅರ್ಥ ಇನ್ನೊಂದು. ಜನ ಸಿಟ್ಟಾಗಿ ಕೈ ಕಟ್ಟಿ ಕೂತದ್ದು ಅಲ್ಲಿ.

ಶಾಸನಾಸಕ್ತರಾದ ನಮಗೆ ಇದರಲ್ಲಿ ಒಂದು ಕೆಲಸ ಇದೆ. ವಿನಾಯಿತಿ ಪಡೆದವರಿಗೆ ಕಲ್ಲು, ತಾಮ್ರ ಎರಡೂ ಸಿಕ್ಕವು. ನೇಗಿಲು ತೂಗಿದವರಿಗೆ ಸಿಕ್ಕಿದ್ದು ಪರದೇಶಿ ಅಧಿಕಾರಿಯೊಬ್ಬ ಬರೆದ ಒಂದೆರಡು ಸಾಲು. ಮುಂದಿನ ಸಲ ಹೊಸಹೊಳಲಿಗೋ ತೊಣ್ಣೂರಿಗೋ ಹೋಗಿ ಯಾವುದಾದರೂ ದಾನಶಾಸನದ ಮುಂದೆ ನಿಂತಾಗ, ದಾನಿ ಯಾರು, ಪ್ರತಿಗ್ರಹಿ ಯಾರು ಅಂತ ಬರೆದುಕೊಂಡ ಮೇಲೆ ಎಲ್ಲೆಯ ವಿವರ ಇರುವ ಸಾಲುಗಳನ್ನು ಬಿಡದೆ ಓದಿ. ಅಲ್ಲಿ ಹೆಸರಿರುವ ಹಳ್ಳ, ಕೆರೆ, ನಟ್ಟ ಕಲ್ಲುಗಳನ್ನು ನಕ್ಷೆಯಲ್ಲಿ ಗುರುತಿಸಿ. ಆ ಗೆರೆಯ ಆಚೆ ಯಾವ ಊರಿತ್ತು, ಆ ಊರು ಏನು ಕಟ್ಟುತ್ತಿತ್ತು ಅನ್ನೋದು ನಮ್ಮ ಜಿಲ್ಲೆಯಲ್ಲಿ ಇನ್ನೂ ಬರೆಯಬೇಕಾದ ಚರಿತ್ರೆ.